ಶನಿವಾರದ ತನಕ ಟಿಕ್ಕು

ಲಾರಿ ಓಡಿಸುವವರಿಗೆ ನಿಯಮ ಬರೆಯುವ ಜನರ ಮೇಲೆ ಹಾರ್ನಣ್ಣನಿಗಿದ್ದ ಸಿಟ್ಟು ಇಂದು ನಿನ್ನೆಯದಲ್ಲ. ಜನ್ಮದಲ್ಲಿ ಒಂದು ಟಯರ್ ಬಿಚ್ಚಿದವರಲ್ಲ, ಹತ್ತು ಚಕ್ರದ ಗಾಡಿಯನ್ನು ಹಿಂದಕ್ಕೆ ತೆಗೆಯುವುದೆಂದರೆ ಏನೆಂದು ಗೊತ್ತಿಲ್ಲ, ಫ್ಯಾನಿನ ಕೆಳಗೆ ಕೂತು ಡ್ರೈವರ್ ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಎಷ್ಟು ಹೊತ್ತಿಗೊಮ್ಮೆ ಕಾಲು ಚಾಚಬೇಕು ಎಂದು ಬರೆದುಬಿಡುತ್ತಾರೆ. "ಉಚ್ಚೆ ಹೊಯ್ಯೋಕೂ ಒಂದು ಫಾರಂ ಮಾಡ್ಲಿ, ಅದೊಂದು ಬಾಕಿ ಇದೆ," ಎಂದು ಅವನು ಯಾರ್ಡಿನಲ್ಲಿ ಕೂಗಿದರೆ ಆಚೆ ಬೀದಿಯ ಹೊಲಿಗೆ ಅಂಗಡಿಯವನಿಗೂ ಕೇಳುತ್ತಿತ್ತು. ಮಾತಾಡಿದರೆ ಹಾರ್ನ್ ಒತ್ತಿದ ಹಾಗೆ ಎಂದೇ ಆ ಹೆಸರು ಬಂದದ್ದು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು.

ಆ ಲೈಸೆನ್ಸಿಗೆ ಮೂವತ್ತೆರಡು ವರ್ಷ, ಹಾರ್ನಣ್ಣನಿಗೆ ಐವತ್ತಾರು. ಲೈಸೆನ್ಸಿನ ಹಿಂಬದಿಯಲ್ಲಿ ಎರಡು ಕಪ್ಪು ಗುರುತು ಬಿದ್ದಿದ್ದವು, ಎರಡೂ ಸುಳ್ಳು ದಾಖಲೆ ಬರೆದದ್ದಕ್ಕೆ. ಮೂರನೆಯದು ಬಿದ್ದರೆ ಎರಡು ವರ್ಷ ಲೈಸೆನ್ಸ್ ರದ್ದು. ಐವತ್ತೈದು ದಾಟಿದವನಿಗೆ ರದ್ದಾದ ಲೈಸೆನ್ಸನ್ನು ಮತ್ತೆ ಕೊಡುವುದಿಲ್ಲ. ಅಂದರೆ ಮೂರನೆಯ ಗುರುತು ಬಿದ್ದ ದಿನವೇ ಸ್ಟೀರಿಂಗಿಗೆ ಕೈಮುಗಿದು ಇಳಿಯಬೇಕು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಪ್ರತಿ ಸೋಮವಾರ ಬೆಳಿಗ್ಗೆ ಯಾರ್ಡಿನವರೆಲ್ಲ ಮಾಡುವ ಕೆಲಸವನ್ನು ಅವನೂ ಮಾಡುತ್ತಿದ್ದ.

ಆ ಕೆಲಸಕ್ಕೆ ಯಾರ್ಡಿನಲ್ಲಿ ಬಿತ್ತನೆ ಎಂದು ಹೆಸರು. ಗಾಡಿ ಹೊರಡುವ ಮುಂಚೆ ದಿನವೂ ಡ್ರೈವರ್ ಅದರ ಸುತ್ತ ಒಂದು ಸುತ್ತು ಬಂದು ನೋಡಬೇಕು ಎನ್ನುವುದು ನಿಯಮ. ಬ್ರೇಕು, ಟಯರು, ಚಕ್ರದ ನಟ್ಟು, ದೀಪ, ಕನ್ನಡಿ, ಹಗ್ಗ, ಹೀಗೆ ಇಪ್ಪತ್ತನಾಲ್ಕು ಸಾಲು. ಒಂದೊಂದನ್ನೂ ನೋಡಿ ಟಿಕ್ಕು ಹಾಕಿ, ಕೆಳಗೆ ತಾರೀಖು ಬರೆದು ಸಹಿ ಮಾಡಬೇಕು. ಪುಸ್ತಕದಲ್ಲಿ ದಿನಕ್ಕೊಂದು ಬಿಳಿ ಹಾಳೆ, ಅದರ ಕೆಳಗೆ ಕಾರ್ಬನ್ನು, ಅದರ ಕೆಳಗೆ ಹಳದಿ ನಕಲು. ಕೊನೆಯ ಸಾಲಂತೂ ಡ್ರೈವರನ್ನೇ ಗಾಡಿಯ ಒಂದು ಬಿಡಿಭಾಗ ಮಾಡಿಟ್ಟಿತ್ತು: ಚಾಲಕನು ಇಂದು ವಾಹನ ನಡೆಸಲು ಶಕ್ತನಾಗಿದ್ದಾನೆ. ಸೋಮವಾರ ಟೀ ಗ್ಲಾಸು ಕೈಗೆ ಬಂದ ಮೇಲೆ ಎಲ್ಲರೂ ಹಳೆಯ ಟಯರುಗಳ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಸೋಮವಾರದಿಂದ ಶನಿವಾರದವರೆಗೆ ಆರೂ ಹಾಳೆಗಳನ್ನು ಒಂದೇ ಉಸಿರಿಗೆ ತುಂಬಿಬಿಡುತ್ತಿದ್ದರು. ಟೀ ಆರುವಷ್ಟರಲ್ಲಿ ವಾರದ ಬಿತ್ತನೆ ಮುಗಿಯುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರೆ, ಇವರು ಆರು ಕೂಸಿಗೆ ಹೊಲಿಸುತ್ತಿದ್ದರು. ಚೆಕ್‌ಪೋಸ್ಟಿನವರು ಪುಸ್ತಕ ತೆರೆದರೆ ಅವತ್ತಿನ ಹಾಳೆ ನೋಡಿ ವಾಪಸು ಕೊಡುತ್ತಿದ್ದರು. ಮುಂದಿನ ಹಾಳೆ ತಿರುವಿ ನೋಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ಬರಬೇಕಾದರೆ ಅವನು ಆ ಟಯರಿನ ಮೇಲೆ ಕೂತು ಟೀ ಕುಡಿದವನೇ ಆಗಿರಬೇಕಿತ್ತು.

ಮಂಗಳವಾರ ಹಾರ್ನಣ್ಣನ ಗಾಡಿಯಲ್ಲಿ ಒಂದು ದಿನದ ಕೋಳಿಮರಿಗಳಿದ್ದವು. ತೂತುತೂತಿನ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಎಂಟು ಸಾವಿರ ಮರಿ, ಮರಿ ಮಾಡುವ ಕಾರ್ಖಾನೆಯಿಂದ ಸಾಕುವ ಶೆಡ್ಡಿಗೆ. ಕಬ್ಬಿಣ, ಸಿಮೆಂಟು ಹೇರಿ ಬೆಳೆದ ಮನುಷ್ಯನಿಗೆ ಇದೊಂದು ಅವಮಾನ. ಬೆನ್ನ ಹಿಂದೆ ದಾರಿಯುದ್ದಕ್ಕೂ ಚಿಯ್ಯೋ ಚಿಯ್ಯೋ. ರೇಡಿಯೋ ಹಾಕಿದರೆ ರೇಡಿಯೋ ಕೇಳುವುದಿಲ್ಲ, ಬೈದರೆ ಬೈದದ್ದು ತನಗೇ ಕೇಳುವುದಿಲ್ಲ. ಹನ್ನೊಂದು ಗಂಟೆಗೆ ಚೆಕ್‌ಪೋಸ್ಟ್ ಬಂತು. ಕಾವಲುಗಾರ ಕೆಂಪು ಬಾವುಟ ಅಡ್ಡ ಹಿಡಿದು ಗಾಡಿ ಪಕ್ಕಕ್ಕೆ ಹಾಕಲು ಸನ್ನೆ ಮಾಡಿದ. ಹಾರ್ನಣ್ಣ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎದೆಯುಬ್ಬಿಸಿ ಕಚೇರಿಯ ಒಳಗೆ ಹೋದ.

ಒಳಗೆ ಮೇಜಿನ ಹಿಂದೆ ಅವನ ಬಾಮೈದ ಕೂತಿದ್ದ.

ಹೆಂಡತಿಯ ತಮ್ಮ. ಒಂಬತ್ತು ವರ್ಷದಿಂದ ಮುಖ ನೋಡಿರಲಿಲ್ಲ. ಪರೀಕ್ಷೆ ಬರೆದು ಇನ್ಸ್‌ಪೆಕ್ಟರ್ ಆಗಿದ್ದಾನೆ, ಎಲ್ಲೋ ದೂರದ ಗಡಿಯಲ್ಲಿದ್ದಾನೆ ಎಂದು ಹೆಂಡತಿ ಹೇಳಿದ್ದಳು. ಈ ಚೆಕ್‌ಪೋಸ್ಟಿಗೆ ವರ್ಗವಾಗಿ ಬಂದದ್ದು ಅವಳಿಗೂ ಗೊತ್ತಿರಲಿಲ್ಲ. ಮೈ ಸ್ವಲ್ಪ ತುಂಬಿತ್ತು, ಕನ್ನಡಕ ಬಂದಿತ್ತು, ಸಮವಸ್ತ್ರದ ಇಸ್ತ್ರಿ ಮುರಿದಿರಲಿಲ್ಲ. ಹಾರ್ನಣ್ಣನನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಡ್ರೈವರ್, ಲೈಸೆನ್ಸ್ ಕೊಡಿ. ಪುಸ್ತಕ ಕೊಡಿ," ಎಂದ.

ಭಾವ ಎನ್ನಲಿಲ್ಲ. ಹಾರ್ನಣ್ಣ ಅವನನ್ನೇ ದುರುಗುಟ್ಟಿ ನೋಡಿದ. ಈ ಹುಡುಗನಿಗೆ ಕ್ಲಚ್ಚಿನ ಮೇಲೆ ಕಾಲಿಡುವುದನ್ನು ಹೇಳಿಕೊಟ್ಟವನು ತಾನು. ಮೂರು ವರ್ಷ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ತನ್ನ ಡಬ್ಬಿಯಲ್ಲೇ ಉಣ್ಣಿಸಿ, ಎರಡನೇ ಡ್ರೈವರ್ ಎಂದು ಹೆಸರು ಬರೆಸಿದವನು ತಾನು. ಈಗ ಡ್ರೈವರಂತೆ, ಕೊಡಿಯಂತೆ.

"ತಗೊಳ್ಳಿ ಸಾಹೇಬ್ರೆ," ಎಂದು ಎರಡನ್ನೂ ಮೇಜಿನ ಮೇಲೆ ಎಸೆದ. "ಚೆನ್ನಾಗಿ ನೋಡ್ಕೊಳ್ಳಿ. ನನ್ನ ಗಾಡೀಲಿ ಒಂದು ತಪ್ಪು ತೋರ್ಸಿದ್ರೆ ಮೀಸೆ ಬೋಳಿಸ್ಕೋತೀನಿ."

ಬಾಮೈದ ಲೈಸೆನ್ಸಿನ ಹಿಂಬದಿ ತಿರುಗಿಸಿ ಎರಡು ಗುರುತನ್ನೂ ನೋಡಿದ. ಪುಸ್ತಕ ತೆರೆದು ಮಂಗಳವಾರದ ಹಾಳೆ ನೋಡಿದ. ಎಲ್ಲರೂ ಅಲ್ಲಿಗೆ ಮುಚ್ಚುತ್ತಾರೆ. ಇವನು ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದ. ಬುಧವಾರ. ಮತ್ತೆ ತಿರುವಿದ. ಗುರುವಾರ, ಶುಕ್ರವಾರ, ಶನಿವಾರ. ನಾಲ್ಕೂ ಹಾಳೆಯಲ್ಲಿ ತಲಾ ಇಪ್ಪತ್ತನಾಲ್ಕು ಟಿಕ್ಕು, ತಾರೀಖು, ಸಹಿ.

ಗುರುವಿಗೇ ತಿರುಮಂತ್ರ ಎನ್ನುವುದು ಇದಕ್ಕೇ. ಹಾರ್ನಣ್ಣನ ಕಿವಿ ಬಿಸಿಯಾಯಿತು. ಹನ್ನೆರಡು ವರ್ಷದ ಹಿಂದೆ ಒಂದು ಸೋಮವಾರ ಈ ಪುಣ್ಯಾತ್ಮನ ಕೈಗೆ ಪೆನ್ನು ಕೊಟ್ಟು, "ಶನಿವಾರದ ತನಕ ಹೊಡ್ದುಬಿಡು, ದಿನಾ ಯಾವನು ಬಗ್ಗಿ ನೋಡ್ತಾನೆ" ಎಂದವನು ತಾನೇ.

"ಇವತ್ತು ವಾರ ಯಾವುದು?" ಎಂದು ಬಾಮೈದ ಕೇಳಿದ.

"ಅಷ್ಟೂ ಗೊತ್ತಿಲ್ವಾ? ಸರ್ಕಾರ ಕ್ಯಾಲೆಂಡರ್ ಕೊಟ್ಟಿಲ್ವಾ?"

"ಮಂಗಳವಾರ. ಶನಿವಾರ ನಿಮ್ಮ ಗಾಡಿಯ ಬ್ರೇಕ್ ಸರಿಯಿದೆ ಅಂತ ಬರ್ದಿದೀರಿ. ಶನಿವಾರ ನೀವು ಗಾಡಿ ಓಡ್ಸೋಕೆ ಶಕ್ತರಾಗಿದೀರಿ ಅಂತಲೂ ಬರ್ದಿದೀರಿ. ಶನಿವಾರ ನೀವು ಇರ್ತೀರಿ ಅಂತ ನಿಮಗೆ ಯಾರು ಹೇಳಿದ್ರು?"

"ಬಾಯಿಗೆ ಬಂದಿದ್ದು ಅನ್ಬೇಡ. ಇಡೀ ಯಾರ್ಡು ಹೀಗೇ ಬರೆಯೋದು. ನೀನೂ ಮೂರು ವರ್ಷ ಬರ್ದಿದೀಯ. ಮರ್ತೋಯ್ತಾ?"

"ಮರ್ತಿಲ್ಲ. ಅದಕ್ಕೇ ತಿರುವಿ ನೋಡಿದ್ದು," ಎಂದು ಬಾಮೈದ ಡ್ರಾಯರಿನಿಂದ ಒಂದು ಫಾರಂ ತೆಗೆದ. ಮೇಲೆ ದಪ್ಪ ಅಕ್ಷರದಲ್ಲಿ ಸುಳ್ಳು ದಾಖಲೆ ಎಂದಿತ್ತು.

ಅದನ್ನು ನೋಡಿದ್ದೇ ಹಾರ್ನಣ್ಣ ಕೂರಲು ಜಾಗ ಹುಡುಕಿದ. ಕುರ್ಚಿ ಇತ್ತು, ಆದರೆ ಕೂರು ಎಂದು ಯಾರೂ ಹೇಳಿರಲಿಲ್ಲ, ಕೇಳಿ ಕೂರುವ ಜಾಯಮಾನ ಇವನದಲ್ಲ. ಹೊರಗೆ ಎಂಟು ಸಾವಿರ ಮರಿ ಚಿಯ್ಯೋ ಅನ್ನುತ್ತಲೇ ಇದ್ದವು.

"ಅವತ್ತಿನ ಸಿಟ್ಟು ತೀರಿಸ್ಕೋತಾ ಇದೀಯಾ?" ಎಂದ.

ಬಾಮೈದ ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದ. 

ಅವತ್ತು ಎಂದರೆ ಒಂಬತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಒಬ್ಬ ಡ್ರೈವರ್ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಓಡಿಸಕೂಡದು, ಇಬ್ಬರಿದ್ದರೆ ಹಂಚಿಕೊಂಡು ಓಡಿಸಬಹುದು. ಪುಸ್ತಕದಲ್ಲಿ ಓಡಿಸಿದವರು, ಜೊತೆಗಿದ್ದವರು ಎಂದು ಬರೆಯುವ ಕಡೆ ಇಬ್ಬರ ಹೆಸರಿತ್ತು. ಆದರೆ ಹಾರ್ನಣ್ಣನಿಗೆ ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟರೆ ನಿದ್ದೆ ಬರುವುದಿಲ್ಲ. ಹದಿಮೂರು ಗಂಟೆ ತಾನೇ ಓಡಿಸಿ, ಐದು ಗಂಟೆ ನೀನು ಓಡಿಸಿದೆ ಎಂದು ಸಹಿ ಹಾಕು ಎಂದ. ಹುಡುಗ ಒಲ್ಲೆ ಎಂದ. "ನಾನು ಓಡ್ಸಿಲ್ಲ ಭಾವ, ಕೂತಿದ್ದೆ ಅಷ್ಟೆ. ಓಡಿಸೋಕೆ ಕೊಡಿ, ಆಮೇಲೆ ಹಾಕ್ತೀನಿ." ಮಾತಿಗೆ ಮಾತು ಬೆಳೆಯಿತು. ನನ್ನ ಗಾಡಿಯಲ್ಲಿ ಕೂತು ನನಗೇ ನಿಯಮ ಹೇಳುತ್ತೀಯಾ ಎಂದು ಹಾರ್ನಣ್ಣ ಬಟಾಬಯಲಿನಲ್ಲಿ, ಅರವತ್ತೊಂದನೇ ಕಿಲೋಮೀಟರ್ ಕಲ್ಲಿನ ಹತ್ತಿರ ಗಾಡಿ ನಿಲ್ಲಿಸಿ, ಅವನ ಚೀಲವನ್ನು ಮೊದಲು ಎಸೆದು, ಅವನನ್ನು ಆಮೇಲೆ ಇಳಿಸಿದ. ಮರ ಇಲ್ಲ, ನೀರಿಲ್ಲ. ಹುಡುಗ ಹತ್ತೊಂಬತ್ತು ಕಿಲೋಮೀಟರ್ ನಡೆದ.

ಮುಂದಿನ ಚೆಕ್‌ಪೋಸ್ಟಿನಲ್ಲಿ ಪುಸ್ತಕದಲ್ಲಿ ಇಬ್ಬರು, ಕ್ಯಾಬಿನ್ನಿನಲ್ಲಿ ಒಬ್ಬ. ಮೊದಲನೆಯ ಕಪ್ಪು ಗುರುತು ಬಿದ್ದದ್ದು ಹಾಗೆ. ಹಾರ್ನಣ್ಣನ ಲೆಕ್ಕದಲ್ಲಿ ಅದು ಬಾಮೈದ ಮಾಡಿದ ದ್ರೋಹ. ಮನೆಗೆ ಬಂದು ಹೆಂಡತಿಗೆ, "ನಿನ್ನ ತಮ್ಮ ಅರ್ಧದಾರೀಲಿ ತಾನೇ ಇಳಿದು ಹೋದ. ನನ್ನ ಕತ್ತು ಕುಯ್ದ," ಎಂದ. ಅವಳು ತಮ್ಮನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ತಮ್ಮ ಎಲ್ಲ ಕೇಳಿಸಿಕೊಂಡ, ಒಂದು ಮಾತೂ ಆಡಲಿಲ್ಲ, ಮತ್ತೆ ಅಕ್ಕನ ಮನೆಯ ಹೊಸಿಲು ತುಳಿಯಲಿಲ್ಲ.

ಈಗ ಅವನು ಲೈಸೆನ್ಸನ್ನು ಡ್ರಾಯರಿಗೆ ಹಾಕಿಕೊಂಡು ಬರೆಯುತ್ತಿದ್ದ. ಸಾಲು ಕೂಡ ಸೊಟ್ಟಗಾಗುತ್ತಿರಲಿಲ್ಲ.

"ನಿನ್ನ ಅಕ್ಕನ ಮುಖನಾದ್ರೂ ನೋಡು," ಎಂದ ಹಾರ್ನಣ್ಣ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಬೇಡುವುದೇ ಆದರೆ ಈ ಮುಖದ ಮುಂದೆಯೇ ಬೇಡಬೇಕೇ.

"ಅಕ್ಕನ ಮುಖ ನೋಡಿ ಒಂಬತ್ತು ವರ್ಷ ಆಯ್ತು. ಯಾಕೆ ಅಂತ ನಿಮಗೆ ಗೊತ್ತಿದೆ. ಇಲ್ಲಿ ಸಹಿ ಹಾಕಿ."

ಸಹಿ ಹಾಕುವಾಗ ಹಾರ್ನಣ್ಣನ ಕಣ್ಣು ಗೋಡೆಯ ಮೇಲೆ ಹೋಯಿತು. ಅಲ್ಲಿ ನಿಯಮಗಳ ದೊಡ್ಡ ಪಟ್ಟಿ ನೇತುಹಾಕಿದ್ದರು. ಜೀವಮಾನವೆಲ್ಲ ಬೈದ ಪಟ್ಟಿಯಲ್ಲೇ ಅವನಿಗೆ ಒಂದು ದೊಣ್ಣೆ ಸಿಕ್ಕಿತು. ಧ್ವನಿ ಮತ್ತೆ ಹಾರ್ನಿನ ಮಟ್ಟಕ್ಕೆ ಏರಿತು.

"ಸಾಹೇಬ್ರೆ, ಸ್ವಲ್ಪ ಅಲ್ಲಿ ನೋಡಿ. ಮೂವತ್ತೊಂದನೇ ನಿಯಮ. ಓದಿ ಹೇಳ್ತೀರಾ? ನನಗೆ ಕನ್ನಡಕ ಇಲ್ಲ."

ಬಾಮೈದನಿಗೆ ಓದಬೇಕಾಗಿರಲಿಲ್ಲ, ಬಾಯಿಪಾಠವೇ ಇತ್ತು. ಜೀವಂತ ಸರಕನ್ನು ಒಂದು ಗಂಟೆಗಿಂತ ಹೆಚ್ಚು ನಿಲ್ಲಿಸಕೂಡದು. ನಿಲ್ಲಿಸಿದ ಅಧಿಕಾರಿಯೇ ಅದನ್ನು ಮುಂದೆ ಸಾಗಿಸುವ ಏರ್ಪಾಟು ಮಾಡತಕ್ಕದ್ದು.

"ಬಂದು ಇಪ್ಪತ್ತು ನಿಮಿಷ ಆಯ್ತು," ಎಂದ ಹಾರ್ನಣ್ಣ. ಈಗ ಕುರ್ಚಿ ಎಳೆದುಕೊಂಡು ಕೂತ. "ನನ್ನ ಲೈಸೆನ್ಸ್ ನಿನ್ನ ಡ್ರಾಯರಲ್ಲಿದೆ. ಇನ್ನು ನಾನು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ಇನ್ನೊಬ್ಬ ಡ್ರೈವರ್ ಯಾರ್ಡಿಂದ ಬರೋದು ಸಾಯಂಕಾಲಕ್ಕೆ. ಈ ಬಿಸಿಲಲ್ಲಿ ಎಂಟು ಸಾವಿರ ಮರಿ ಹೊಗೆ ಹಾಕಿಸ್ಕೊಂಡ್ರೆ ಉತ್ತರ ಕೊಡೋನು ನೀನು. ಹರಿದು ಬಿಸಾಕು ಆ ಫಾರಮ್ಮನ್ನ. ನನ್ನ ದಾರಿ ನನಗೆ, ನಿನ್ನ ಮೇಜು ನಿನಗೆ."

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಅವನು ಕಾಲ ಮೇಲೆ ಕಾಲು ಹಾಕಿದ. ಬಾಗಿಲಲ್ಲಿ ಕಾವಲುಗಾರ ಇಬ್ಬರನ್ನೂ ನೋಡುತ್ತಾ ನಿಂತಿದ್ದ. ಬಾಮೈದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಫೋನ್ ಎತ್ತಿ ಮೇಲಿನವರ ಜೊತೆ ಎರಡು ನಿಮಿಷ ಮಾತಾಡಿದ. ಹೌದು ಸಾರ್, ಇದೆ ಸಾರ್, ಇನ್ನೂ ಚಾಲ್ತಿಯಲ್ಲಿದೆ ಸಾರ್. ಫೋನ್ ಇಟ್ಟು, ಜೇಬಿನಿಂದ ತನ್ನದೇ ಒಂದು ಕಾರ್ಡ್ ತೆಗೆದು ಮೇಜಿನ ಮೇಲೆ ಇಟ್ಟ.

ಭಾರಿ ವಾಹನದ ಲೈಸೆನ್ಸು. ಹಿಂಬದಿಯಲ್ಲಿ ಒಂದು ಗುರುತೂ ಇರಲಿಲ್ಲ.

"ಏಳಿ," ಎಂದ. "ನಾನೇ ಓಡಿಸ್ತೀನಿ. ನೀವು ಸರಕಿನ ಜೊತೆ ಇರ್ಬೇಕು, ಪಕ್ಕದಲ್ಲಿ ಕೂತ್ಕೊಳ್ಳಿ."

ಹಾರ್ನಣ್ಣ ಇಂಗು ತಿಂದ ಮಂಗನ ಹಾಗೆ ಕೂತೇ ಇದ್ದ. ಬೀಸಿದ ದೊಣ್ಣೆ ತಿರುಗಿ ಬಂದು ತನ್ನ ಮಂಡಿಗೇ ಬಡಿದಿತ್ತು.

ಬಾಮೈದ ಪುಸ್ತಕದಿಂದ ಬಿತ್ತನೆಯ ಬಿಳಿ ಹಾಳೆಗಳನ್ನು ಹರಿದು ಫಾರಮ್ಮಿಗೆ ಪಿನ್ ಮಾಡಿದ. ಹಳದಿ ನಕಲುಗಳು ಪುಸ್ತಕದಲ್ಲೇ ಉಳಿದವು. ಪುಸ್ತಕದ ಕೊನೆಯಲ್ಲಿದ್ದ ಹೊಸ ಹಾಳೆಯೊಂದನ್ನು ತೆರೆದು ತನ್ನ ಹೆಸರು ಬರೆದುಕೊಂಡು ಗಾಡಿಯ ಸುತ್ತ ಹೊರಟ. ಒಂದೊಂದು ಚಕ್ರದ ಮುಂದೆಯೂ ಕುಕ್ಕರಗಾಲಲ್ಲಿ ಕೂತ. ಒಂದೊಂದು ನಟ್ಟನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದ. ತಟ್ಟಿದ ಮೇಲೆ ಟಿಕ್ಕು. ಹಾರ್ನಣ್ಣ ಬೀಡಿ ಹಚ್ಚಿ, ಬೆಣ್ಣೆಯಲ್ಲೂ ಕಲ್ಲು ಹುಡುಕುವ ಜಾತಿ ಎಂದು ಕಾವಲುಗಾರನಿಗೆ ಕೇಳುವಂತೆ ಗೊಣಗಿದ. ಹತ್ತು ನಿಮಿಷವಾದರೂ ಏನೂ ಸಿಗದಿದ್ದಾಗ ಅವನಿಗೆ ಒಂದು ರೀತಿಯ ಸಂತೋಷವೇ ಆಯಿತು. ಹೋಗುವ ಲೈಸೆನ್ಸ್ ಹೋಯಿತು, ಗಾಡಿಯ ಮಾನವಾದರೂ ಉಳಿಯಿತು.

ಹದಿನೇಳನೇ ಸಾಲು ಬ್ರೇಕ್ ದೀಪ. ಅದನ್ನು ಒಬ್ಬನೇ ನೋಡಲು ಆಗುವುದಿಲ್ಲ. ಒಬ್ಬ ಒಳಗೆ ಬ್ರೇಕ್ ಒತ್ತಬೇಕು, ಇನ್ನೊಬ್ಬ ಹಿಂದೆ ನಿಂತು ನೋಡಬೇಕು. ಬಾಮೈದ ಕ್ಯಾಬಿನ್ ಹತ್ತಿ ತಲೆ ಹೊರಗೆ ಹಾಕಿದ.

"ಡ್ರೈವರ್, ಹಿಂದೆ ಹೋಗಿ ನಿಂತ್ಕೊಂಡು ನೋಡಿ ಹೇಳಿ."

ಹಾರ್ನಣ್ಣ ಹಿಂದೆ ಹೋಗಿ ನಿಂತ.

"ಬ್ರೇಕ್ ಒತ್ತಿದೀನಿ. ದೀಪ?"

"ಸರಿಯಿದೆ!" ಎಂದು ಹಾರ್ನಣ್ಣ ಕೂಗಿದ.

"ಬಲಗಡೇದು ಉರೀತಿಲ್ಲ ಸಾರ್," ಎಂದ ಪಕ್ಕದಲ್ಲಿದ್ದ ಕಾವಲುಗಾರ.

ಹಾರ್ನಣ್ಣ ಆಗ ನೋಡಿದ. ಎಡಗಡೆಯ ದೀಪ ಕೆಂಪಗೆ ಉರಿಯುತ್ತಿತ್ತು. ಬಲಗಡೆಯದು ಸತ್ತು ಬಿದ್ದಿತ್ತು. ಸುಳ್ಳು ಹೇಳಬೇಕೆಂದು ಅವನು ಹೇಳಿರಲಿಲ್ಲ, ದೇವರಾಣೆಗೂ ಇಲ್ಲ. ದೀಪದ ಎದುರು ನಿಂತಿದ್ದ, ಕಣ್ಣು ತೆರೆದೇ ಇತ್ತು, ಆದರೆ ಕಣ್ಣು ನೋಡುವ ಮುಂಚೆ ಬಾಯಿ ಸರಿಯಿದೆ ಎಂದುಬಿಟ್ಟಿತ್ತು. ಎಷ್ಟು ವರ್ಷದಿಂದ ಹೀಗೆ ಎಂದು ಯೋಚಿಸತೊಡಗಿದ. ಯೋಚಿಸುವುದನ್ನು ಅಲ್ಲಿಗೇ ಬಿಟ್ಟ.

ಬಾಮೈದ ಇಳಿದು ಬಂದು ದೀಪ ನೋಡಿದ. ಬೈಯುತ್ತಾನೆ ಎಂದು ಹಾರ್ನಣ್ಣ ಮೈ ಬಿಗಿ ಹಿಡಿದು ನಿಂತ. ಬೈಯಲಿಲ್ಲ. ಕ್ಯಾಬಿನ್ನಿಗೆ ಹೋಗಿ, ಯಾರನ್ನೂ ಕೇಳದೆ, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ, ತುಕ್ಕು ಹಿಡಿದ ಬಿಸ್ಕತ್ ಡಬ್ಬಿ ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ಬಲ್ಬ್ ತೆಗೆದ. ಒಂಬತ್ತು ವರ್ಷವಾದರೂ ಡಬ್ಬಿ ಅಲ್ಲೇ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಲ್ಬ್ ಹಾಕಿ, ಈ ಸಲ ಕಾವಲುಗಾರನನ್ನು ನಿಲ್ಲಿಸಿ ನೋಡಿಸಿ, ಟಿಕ್ಕು ಹಾಕಿದ. ತನ್ನನ್ನು ಕೇಳಲಿಲ್ಲವಲ್ಲ ಎಂದು ಹಾರ್ನಣ್ಣನಿಗೆ ಚುರುಕ್ಕೆಂದಿತು. ಫಾರಮ್ಮಿಗೆ ಸಹಿ ಹಾಕಿದಾಗಲೂ ಅಷ್ಟು ಅವಮಾನವಾಗಿರಲಿಲ್ಲ.

ಗಾಡಿ ಹೊರಟಿತು. ಯಾರ್ಡಿನೊಳಗೆ ಈ ಹುಡುಗನಿಗೆ ಕಲಿಸಿದ್ದು ಬಿಟ್ಟರೆ ಮೂವತ್ತೆರಡು ವರ್ಷದಲ್ಲಿ ಹಾರ್ನಣ್ಣ ಪಕ್ಕದ ಸೀಟಿನಲ್ಲಿ ಕೂತದ್ದಿಲ್ಲ. ಅಲ್ಲಿಂದ ದಾರಿ ಬೇರೆಯೇ ಕಾಣುತ್ತಿತ್ತು. ಕೈ ಎಲ್ಲಿಡಬೇಕೋ ತಿಳಿಯದೆ ಎರಡೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡ. ಬಾಮೈದ ಗೇರ್ ಬದಲಿಸಿದಾಗಲೆಲ್ಲ ಇವನ ಎಡಗಾಲು ತಾನಾಗಿ ನೆಲ ಒತ್ತುತ್ತಿತ್ತು. ತಪ್ಪು ಹುಡುಕಲು ಕಾದ. ಸಿಗಲಿಲ್ಲ. ತಾನು ಹೇಳಿಕೊಟ್ಟ ಹಾಗೆಯೇ, ಇಳಿಜಾರಿಗೆ ಮೊದಲೇ ಗೇರ್ ಇಳಿಸಿ, ಬ್ರೇಕಿಗೆ ಕಾಲು ಮುಟ್ಟಿಸದೆ ಇಳಿಸಿದ. ಒಳ್ಳೆಯ ಡ್ರೈವರ್. ಅದನ್ನು ಬಾಯಿ ಬಿಟ್ಟು ಹೇಳುವುದಕ್ಕಿಂತ ಹಾರ್ನಣ್ಣ ವಿಷ ಕುಡಿಯುತ್ತಿದ್ದ.

"ನಲವತ್ತರಲ್ಲಿ ಹೋದ್ರೆ ಮರಿ ಎಲ್ಲಾ ಕೋಳಿ ಆಗ್ಬಿಡ್ತವೆ," ಎಂದ.

"ಬೋರ್ಡಲ್ಲಿ ನಲವತ್ತು ಅಂತಿದೆ."

"ಬೋರ್ಡು ಬರೆದೋನಿಗೆ ಗಾಡಿ ಇಲ್ಲ."

"ಓದೋನಿಗೆ ಕಣ್ಣಿದೆ."

ಅಲ್ಲಿಗೆ ಮಾತು ಮುಗಿಯಿತು. ಹಿಂದೆ ಮರಿಗಳು ಚಿಯ್ಯೋ ಎನ್ನುತ್ತಿದ್ದವು. ರಸ್ತೆ ಬಯಲಿಗೆ ಬಂತು. ಹಾರ್ನಣ್ಣ ಕಲ್ಲುಗಳನ್ನು ಓದತೊಡಗಿದ. ಐವತ್ತೆಂಟು. ಐವತ್ತೊಂಬತ್ತು. ಮುಂದೆ ಬರುವ ಕಲ್ಲು ಯಾವುದೆಂದು ಅವನಿಗೆ ಈಗ ಹೊಳೆಯಿತು. ಅರವತ್ತು ದಾಟಿದ ಮೇಲೆ ಗಾಡಿಯ ವೇಗ ಇಳಿಯಿತು. ಅರವತ್ತೊಂದನೇ ಕಲ್ಲಿನ ಹತ್ತಿರ ಬಾಮೈದ ಗಾಡಿಯನ್ನು ಎಡಕ್ಕೆ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿದ.

ಅದೇ ಕಲ್ಲು. ಅದೇ ಬಟಾಬಯಲು. ಒಂಬತ್ತು ವರ್ಷದಲ್ಲಿ ಒಂದು ಗಿಡ ಕೂಡ ಹುಟ್ಟಿರಲಿಲ್ಲ.

ಇದಕ್ಕೇ ನೀನು ಸ್ಟೀರಿಂಗ್ ಹಿಡಿದದ್ದು, ಎಂದುಕೊಂಡ ಹಾರ್ನಣ್ಣ. ಸರಿ. ಇಳಿ ಎನ್ನಿಸಿಕೊಂಡು ಇಳಿಯುವುದಕ್ಕಿಂತ ತಾನೇ ಇಳಿದರೆ ಮಾನ ಉಳಿಯುತ್ತದೆ. ಕಾಲ ಬಳಿ ಇದ್ದ ಚೀಲವನ್ನು ಎತ್ತಿಕೊಂಡು, ಬಾಗಿಲು ತೆರೆದು, ಜಿಗಿದ. ಮಂಡಿ ನೋವಿನಿಂದ ಕಿರುಗುಟ್ಟಿತು. ಬಿಸಿಲು ನೆತ್ತಿ ಸುಟ್ಟಿತು. ಬಾಗಿಲನ್ನು ಕಿತ್ತುಬರುವ ಹಾಗೆ ಬಡಿದು, ಕಲ್ಲಿನ ಪಕ್ಕ ಹೋಗಿ ನಿಂತ.

"ಹೋಗು!" ಎಂದು ಕೂಗಿದ. "ಹತ್ತೊಂಬತ್ತಲ್ಲ, ಇಪ್ಪತ್ತೊಂಬತ್ತು ನಡೀತೀನಿ! ನಿನ್ನಂಥೋರನ್ನ ಬೇಕಾದಷ್ಟು ನೋಡಿದೀನಿ!"

ಬಾಮೈದ ಇನ್ನೊಂದು ಬದಿಯಿಂದ ಇಳಿದು ಗಾಡಿಯ ಹಿಂದಕ್ಕೆ ಹೋದ. ಟಾರ್ಪಾಲಿನ ಒಂದು ಮೂಲೆ ಎತ್ತಿ, ಬುಟ್ಟಿಗಳ ನಡುವೆ ಕೈ ಹಾಕಿ ಗಾಳಿ ಆಡುತ್ತಿದೆಯೇ ನೋಡಿದ. ಮಗುಚಿಬಿದ್ದಿದ್ದ ಒಂದು ಮರಿಯನ್ನು ಬೆರಳಿನಿಂದ ನೆಟ್ಟಗೆ ನಿಲ್ಲಿಸಿದ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಕಲ್ಲಿನ ಹತ್ತಿರ ಬಂದ.

"ಮೂವತ್ತು ಕಿಲೋಮೀಟರ್ ಒಳಗೆ ಒಂದ್ಸಲ ನಿಲ್ಲಿಸಿ ಮರಿಗಳಿಗೆ ಗಾಳಿ ನೋಡ್ಬೇಕು. ಅದೂ ನಿಯಮ. ಚೆಕ್‌ಪೋಸ್ಟಿಂದ ಇಪ್ಪತ್ತೆಂಟಾಗಿತ್ತು, ನಿಲ್ಲಿಸ್ದೆ." ಕಲ್ಲಿನ ಮೇಲಿನ ಅಂಕಿ ನೋಡಿದ. "ನಿಮ್ಮನ್ನ ಯಾರೂ ಇಳೀರಿ ಅನ್ಲಿಲ್ಲ. ನೀವೇ ಚೀಲ ತಗೊಂಡ್ರಿ, ನೀವೇ ಬಾಗಿಲು ತೆಗೆದ್ರಿ, ನೀವೇ ಇಳಿದ್ರಿ. ತಾನೇ ಇಳಿದು ಹೋದ ಅಂದ್ರೆ ಇದು. ಅಕ್ಕಂಗೆ ಈ ಮಾತು ಹೇಳೋವಾಗ ಹೀಗಿರತ್ತೆ ಅಂತ ನಿಮಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತಲ್ಲ."

ಹಾರ್ನಣ್ಣ ರಸ್ತೆಯ ಕಡೆ ತಿರುಗಿದ.  ನಡೆದುಬಿಡೋಣ ಎನಿಸಿತು. ನೆರಳಿಲ್ಲದ ರಸ್ತೆ ಕಣ್ಣಿಗೆ ಕಾಣುವಷ್ಟು ದೂರ ಬಿದ್ದಿತ್ತು. ಐವತ್ತಾರರ ಮಂಡಿ ಇಪ್ಪತ್ತಾರರ ಮಂಡಿಯಲ್ಲ.

ಬಾಮೈದ ಹೋಗಿ ಸ್ಟೀರಿಂಗ್ ಹಿಂದೆ ಕೂತ. ಇಂಜಿನ್ ಶುರುವಾಯಿತು. ಗಾಡಿ ಮಾತ್ರ ಅಲುಗಲಿಲ್ಲ. ಪಕ್ಕದ ಬಾಗಿಲು ಒಳಗಿನಿಂದ ತೆರೆಯಿತು.

"ಹತ್ತಿ ಭಾವ," ಎಂದ. "ನಾನು ನೀವಲ್ಲ."

ಒಂಬತ್ತು ವರ್ಷದ ಮೇಲೆ ಕಿವಿಗೆ ಬಿದ್ದ ಭಾವ ಎನ್ನುವ ಮಾತು ಕಪಾಳಕ್ಕೆ ಬಿದ್ದ ಹಾಗಿತ್ತು. ಹಾರ್ನಣ್ಣ ಚೀಲ ಹಿಡಿದುಕೊಂಡು ಹತ್ತಿದ. ಹತ್ತುವಾಗ ಕೈ ಜಾರಿತು. ಬಾಮೈದ ತೋಳು ಹಿಡಿಯಲು ಬಾಗಿದ್ದನ್ನು ನೋಡಿ, ಮುಟ್ಟಿಸಿಕೊಳ್ಳದೆ, ಕಂಬಿ ಹಿಡಿದು ತಾನೇ ಎಳೆದುಕೊಂಡ. 

ಶೆಡ್ಡಿನಲ್ಲಿ ಆಳುಗಳು ಬುಟ್ಟಿ ಇಳಿಸಿಕೊಂಡರು. ಎಂಟು ಸಾವಿರ ಮರಿ ಹೊಟ್ಟಿನ ಮೇಲೆ ಹಳದಿಯಾಗಿ ಹರಡಿಕೊಂಡವು. ಗಾಡಿಗೆ ಬೇರೆ ಡ್ರೈವರ್ ಸಾಯಂಕಾಲ ಬರುತ್ತಾನೆ ಎಂದು ಯಾರ್ಡಿನಿಂದ ಫೋನ್ ಬಂತು. ಬಾಮೈದನನ್ನು ಕರೆದೊಯ್ಯಲು ಇಲಾಖೆಯ ಜೀಪು ಬಂದು ಗೇಟಿನಲ್ಲಿ ನಿಂತಿತು. ಅವನು ಪುಸ್ತಕವನ್ನು ಹಾರ್ನಣ್ಣನ ಮುಂದೆ ಹಿಡಿದ.

"ಓಡಿಸಿದ್ದು ಯಾರು ಅನ್ನೋ ಕಡೆ ನಾನು ಬರ್ದಿದೀನಿ. ಜೊತೆಗಿದ್ದವರು ಅನ್ನೋ ಕಡೆ ನೀವು ಬರೀಬೇಕು. ಏನು ಮಾಡಿದ್ರೋ ಅದನ್ನ ಬರೀರಿ."

ಹಾರ್ನಣ್ಣ ಪೆನ್ನು ತೆಗೆದುಕೊಂಡ. ಆ ಜಾಗದಲ್ಲಿ ಅವನು ಎಷ್ಟೋ ಸಲ ಎಷ್ಟೋ ಜನರ ಹೆಸರಿನಲ್ಲಿ ಬರೆದಿದ್ದ, ಒಂದು ಸಲವೂ ಕೈ ನಿಂತಿರಲಿಲ್ಲ. ಈಗ ನಿಂತಿತು. ಕೊನೆಗೆ ಬರೆದ: ಕೂತಿದ್ದೆ. ಓಡಿಸಲಿಲ್ಲ. ಕೆಳಗೆ ಸಹಿ ಹಾಕಿದ. ಹೆತ್ತವರು ಇಟ್ಟ ಹೆಸರು ಅಂಕುಡೊಂಕಾಗಿ ಬಂತು.

ಬಾಮೈದ ಅದನ್ನು ಓದಿ, ಬಿಳಿ ಹಾಳೆ ಹರಿದು ಜೇಬಿಗಿಟ್ಟುಕೊಂಡು, ಹಳದಿ ನಕಲು ಇದ್ದ ಪುಸ್ತಕವನ್ನು ವಾಪಸು ಕೊಟ್ಟ. ಹೋಗಿ ಬರುತ್ತೇನೆ ಎನ್ನಲಿಲ್ಲ. ಅಕ್ಕ ಹೇಗಿದ್ದಾಳೆ ಎಂದು ಕೇಳಬಹುದು ಎಂದು ಹಾರ್ನಣ್ಣ ಒಂದು ಗಳಿಗೆ ಕಾದ. ಕೇಳಲಿಲ್ಲ. ಜೀಪು ನಲವತ್ತರ ವೇಗದಲ್ಲಿ ಹೋಯಿತು.

ಹಾರ್ನಣ್ಣ ಖಾಲಿ ಬುಟ್ಟಿಯೊಂದನ್ನು ಮಗುಚಿ ಹಾಕಿ ಅದರ ಮೇಲೆ ಕೂತು ಪುಸ್ತಕ ತೆರೆದ. ಬುಧವಾರದ ಹಳದಿ ನಕಲು ಅಲ್ಲೇ ಇತ್ತು. ಗುರುವಾರ, ಶುಕ್ರವಾರ, ಶನಿವಾರ. ಬ್ರೇಕ್ ಸರಿಯಿದೆ. ದೀಪ ಸರಿಯಿದೆ. ಚಾಲಕನು ಇಂದು ವಾಹನ ನಡೆಸಲು ಶಕ್ತನಾಗಿದ್ದಾನೆ. ಕಾರ್ಬನ್ನಿನ ನೀಲಿ ಟಿಕ್ಕುಗಳು ಸಾಲಾಗಿ ನಿಂತಿದ್ದವು. ಇನ್ನು ಅವನಿಗೆ ಉಳಿದಿದ್ದ ಲಾರಿಯ ದಿನಗಳು ಹಾಳೆಯ ಮೇಲಿನ ಈ ನಾಲ್ಕೇ, ಅವನ್ನೂ ಅವನು ಸೋಮವಾರವೇ ಟೀ ಕುಡಿಯುತ್ತಾ ಓಡಿಸಿ ಮುಗಿಸಿದ್ದ.

ಫೋನ್ ರಿಂಗಾಯಿತು. ಹೆಂಡತಿ.

"ಎಲ್ಲಿದೀರಿ? ಊಟ ಆಯ್ತಾ? ಗಾಡಿ ಸರಿಯಿದೆಯಾ?"

ಹೇಳಬೇಕಾದದ್ದು ಎರಡಿತ್ತು. ಒಂದು ಇವತ್ತಿನದು, ಒಂದು ಒಂಬತ್ತು ವರ್ಷದ್ದು.  ಹಾರ್ನಣ್ಣ ಬಾಯಿ ತೆರೆದ. ಯೋಚಿಸುವ ಮುಂಚೆಯೇ ಬಾಯಿ ತನ್ನ ಕೆಲಸ ಮಾಡಿ ಮುಗಿಸಿತ್ತು.

"ಎಲ್ಲಾ ಸರಿಯಿದೆ ಕಣೆ," ಎಂದ. "ಶನಿವಾರದ ತನಕ ಎಲ್ಲಾ ಸರಿಯಿದೆ."